ಬುದ್ಧಿ ಎಷ್ಟು ಸೇರು?

ಒಂದು ಕೈಯಲ್ಲಿ ಚಾಕೊಲೇಟಿನ ತುಂಡು, ಇನ್ನೊಂದರಲ್ಲಿ ಅಷ್ಟೇ ದೊಡ್ಡ ಬಿಳಿ ಮರದ ತುಂಡು. ಎದುರಿಗೆ ಒಂದು ಮಗು. ಅದು ಯಾವುದಕ್ಕೆ ಕೈ ಚಾಚುತ್ತದೆ ಎಂದು ಮೂಗಿನ ಮೇಲೆ ಕನ್ನಡಕ ಸಿಕ್ಕಿಸಿಕೊಂಡ ಯಜಮಾನರೊಬ್ಬರು ಕಾದು ಕೂತಿದ್ದಾರೆ. ಚಾಕೊಲೇಟು ಬಾಯಿಗೆ ಹೋಯಿತೋ, ಪಾಸು. 1905ರಲ್ಲಿ ಪ್ಯಾರಿಸಿನ ಆಲ್ಫ್ರೆಡ್ ಬಿನೆ, ಥಿಯೊಡೋರ್ ಸಿಮೊನ್ ಎಂಬಿಬ್ಬರು ಸೇರಿ ಕಟ್ಟಿದ 30 ಮೆಟ್ಟಿಲಿನ ಬುದ್ಧಿಪರೀಕ್ಷೆಯಲ್ಲಿ ಇದು ಮೊದಮೊದಲ ಮೆಟ್ಟಿಲು. ಪ್ರಶ್ನೆಪತ್ರಿಕೆಯನ್ನೇ ತಿಂದು ತೇರ್ಗಡೆಯಾಗುವ ಇಂಥ ಸೌಲಭ್ಯ ನನ್ನ ಕಾಲದಲ್ಲಿ ಇದ್ದಿದ್ದರೆ, ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವಾಗ ನಮ್ಮಪ್ಪ ಅಷ್ಟು ಹೊತ್ತು ಪೆನ್ನು ಹುಡುಕುತ್ತಿರಲಿಲ್ಲ.

ಇನ್ನೊಬ್ಬರನ್ನು ಅಳೆಯುವ ಚಟ ಮನುಷ್ಯನಿಗೆ ಮೊದಲಿನಿಂದಲೂ ಇದೆ. ನನಗೆ ಸೋಜಿಗವೆನಿಸುವುದು ಅಳೆಸಿಕೊಳ್ಳುವ ಚಟ. 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಒಂದು ಮಳಿಗೆ ತೆರೆದ. ಈತ ಡಾರ್ವಿನ್ನನ ಸಂಬಂಧಿ. ಒಳಗೆ ಹೋದವರ ಕಣ್ಣು ಎಷ್ಟು ಚುರುಕು, ಕಿವಿ ಎಷ್ಟು ಸೂಕ್ಷ್ಮ, ಮುಷ್ಟಿ ಎಷ್ಟು ಬಿಗಿ, ಎದೆಯಲ್ಲಿ ಎಷ್ಟು ಉಸಿರು ಎಂದು ಅಳೆದು ಚೀಟಿ ಬರೆದುಕೊಡುತ್ತಿದ್ದರು. ಕೆಲಸ ಮಾಡಿಕೊಟ್ಟವರಿಗೆ ಕೂಲಿ ಕೊಡುವುದು ವಾಡಿಕೆ. ಇಲ್ಲಿ ಬಂದವರೇ ತಲೆಗೆ ಮೂರು ಪೆನ್ಸ್ ಕೊಟ್ಟು ಪ್ರಯೋಗದ ವಸ್ತುಗಳಾದರು. ಹಾಗೆ ಸಾಲು ನಿಂತವರು 9,337 ಮಂದಿ. ಜಾತ್ರೆಯಲ್ಲಿ ತೂಕದ ಯಂತ್ರದ ಮೇಲೆ ನಿಂತು ಚೀಟಿಯ ಹಿಂದಿನ ಭವಿಷ್ಯ ಓದಿಕೊಂಡ ನಾವು ಅವರನ್ನು ನೋಡಿ ನಗುವ ಹಾಗಿಲ್ಲ.

ಗಾಲ್ಟನ್ ಕೈಗೆ ಸಿಕ್ಕಿದ್ದನ್ನೆಲ್ಲ ಎಣಿಸುವ ಆಸಾಮಿ. ಸಭೆಯಲ್ಲಿ ಕೂತವರು ಎಷ್ಟು ಸಲ ಮಿಸುಕಾಡುತ್ತಾರೆಂದು ಎಣಿಸಿ ಭಾಷಣದ ಬೇಸರವನ್ನು ಅಳೆಯಬಹುದೆಂದು ಲೇಖನವನ್ನೇ ಬರೆದ. ನಮ್ಮ ಸಮ್ಮೇಳನಗಳಲ್ಲಿ ಅಧ್ಯಕ್ಷರ ಭಾಷಣದ ಹೊತ್ತಿಗೆ ಆತನನ್ನು ಕೂರಿಸಿದ್ದರೆ ಅಂಕಿ ಸಾಲದೆ ಪರದಾಡುತ್ತಿದ್ದ. ಆದರೆ ಈ ಎಣಿಕೆಯ ಹುಚ್ಚಿನ ಕೊನೆ ಅಷ್ಟು ತಮಾಷೆಯದಲ್ಲ. ಯಾರು ಮಕ್ಕಳನ್ನು ಹೆರಬೇಕು, ಯಾರು ಹೆರಬಾರದು ಎಂದು ತೀರ್ಮಾನಿಸುವ ಸುಸಂತಾನ ಶಾಸ್ತ್ರಕ್ಕೆ ಹೆಸರಿಟ್ಟವನೂ ಇವನೇ.

ಬಿನೆಯ ದಾರಿ ಬೇರೆ. ಶುರುವಿನಲ್ಲಿ ಅವನೂ ಶಾಲೆಯ ಮಕ್ಕಳ ತಲೆಬುರುಡೆ ಅಳೆಯುತ್ತ ಓಡಾಡಿದವನೇ. ಓಡಾಡುತ್ತ ಒಂದು ಅನುಮಾನ ಹತ್ತಿತು: ದಡ್ಡರ ತಲೆ ಚಿಕ್ಕದಿರಬೇಕೆಂದು ನಾನು ಮೊದಲೇ ನಂಬಿರುವುದರಿಂದ ನನ್ನ ಕೈಯೇ ಅಳತೆಯನ್ನು ಕುಗ್ಗಿಸುತ್ತಿದೆಯೋ ಏನೋ? ವಿಜ್ಞಾನಿಗೆ ತನ್ನ ಕೈಯ ಮೇಲೇ ಇಂಥ ಗುಮಾನಿ ಬರುವುದು ಅಪರೂಪ. ಬಂದಮೇಲೆ ಬರೆದು ಪ್ರಕಟಿಸುವುದು ಇನ್ನೂ ಅಪರೂಪ. ಬಿ.ಎಡ್. ಓದಿದವರು ವಿಶ್ವಸನೀಯತೆ, ಸಪ್ರಮಾಣತೆ ಎಂದು ಬಾಯಿಪಾಠ ಮಾಡುತ್ತಾರಲ್ಲ, ಅದರ ತಿರುಳು ಈ ತಲೆಬುರುಡೆಯಲ್ಲೇ ಇದೆ. ಹತ್ತು ಜನ ಹತ್ತು ಸಲ ಅಳೆದರೂ ಅದೇ ಅಳತೆ ಬಂದರೆ ವಿಶ್ವಸನೀಯ. ಆದರೆ ಆ ಅಳತೆ ಬುದ್ಧಿಯ ಸುದ್ದಿ ಹೇಳುತ್ತದೆಯೋ, ಬರೀ ಟೋಪಿಯ ಸುದ್ದಿ ಹೇಳುತ್ತದೆಯೋ ಎಂದು ಕೇಳಿದರೆ ಸಪ್ರಮಾಣತೆಯ ಪ್ರಶ್ನೆ.

ತಲೆ ಬಿಟ್ಟ ಬಿನೆ ಮನೆಯಲ್ಲೇ ಇದ್ದ ಎರಡು ಹೆಣ್ಣುಮಕ್ಕಳನ್ನು ಹಿಡಿದುಕೊಂಡ. ದೊಡ್ಡವಳು ಮದ್‌ಲೆನ್ ನಡೆಯಲು ಕಲಿಯುವಾಗ ಮುಂದೆ ಹಿಡಿದುಕೊಳ್ಳಲು ಏನಿದೆ ಎಂದು ನೋಡಿಕೊಂಡೇ ಕಾಲಿಡುತ್ತಿದ್ದಳು. ಚಿಕ್ಕವಳು ಆಲಿಸ್ ನಗುತ್ತ ತೂರಾಡುತ್ತ ಕೋಣೆಯ ನಡುವೆ ನುಗ್ಗುವವಳು. ಅಪ್ಪ ಇದನ್ನೆಲ್ಲ ಗುರುತು ಹಾಕಿಕೊಂಡು, ವರ್ಷಗಳ ಕಾಲ ಅವರಿಗೆ ಒಗಟು ಒಡ್ಡಿ, ಹೆಸರು ಬದಲಿಸಿ 1903ರಲ್ಲಿ ದೊಡ್ಡ ಪುಸ್ತಕ ಬರೆದ. ಒಂದೇ ಮನೆ, ಒಂದೇ ಅನ್ನ, ಎರಡು ಬಗೆಯ ಮನಸ್ಸು. ನಮ್ಮ ತಾಯಂದಿರಿಗೆ ಇದು ಪುಸ್ತಕವಿಲ್ಲದೆ ಗೊತ್ತಿತ್ತು ಎನ್ನಿ.

ಮರುವರ್ಷ ಫ್ರೆಂಚ್ ಸರ್ಕಾರ ಒಂದು ಸಮಿತಿ ಮಾಡಿತು. ಶಿಕ್ಷಣ ಕಡ್ಡಾಯವಾಗಿ ಎರಡು ದಶಕ ಕಳೆದಿತ್ತು. ಪಾಠ ಹತ್ತದ ಮಕ್ಕಳನ್ನು ಗುರುತಿಸಿ ಬೇರೆ ತರಗತಿಯಲ್ಲಿ ಕಲಿಸಬೇಕಿತ್ತು. ಗುರುತಿಸುವುದನ್ನು ಮೇಷ್ಟರಿಗೇ ಬಿಟ್ಟರೆ ತುಂಟರನ್ನೆಲ್ಲ ದಡ್ಡರ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುವ ಅಪಾಯ. ಚಾಕೊಲೇಟಿನ ಪರೀಕ್ಷೆ ಹುಟ್ಟಿದ್ದು ಆಗ. ಮೇಲಿನ ಮೆಟ್ಟಿಲುಗಳಲ್ಲಿ ಅಂಕಿ ಕೇಳಿ ಒಪ್ಪಿಸುವುದು, ತೂಕ ಹೋಲಿಸುವುದು ಇತ್ಯಾದಿ. ಆಮೇಲಿನ ಆವೃತ್ತಿಗಳಲ್ಲಿ ಅಸಂಬದ್ಧ ಮಾತುಗಳೂ ಸೇರಿದವು: ಮೂವರು ಅಣ್ಣತಮ್ಮಂದಿರಿದ್ದಾರೆಂದು ಹೇಳಿ ಮೂರನೆಯವನಾಗಿ ತನ್ನನ್ನೇ ಎಣಿಸಿಕೊಂಡವನ ಲೆಕ್ಕದಲ್ಲಿ ತಪ್ಪೇನು ಎಂದು ಮಗು ಹೇಳಬೇಕು. ಎರಡು ಮುಖ ತೋರಿಸಿ ಚೆಂದದ್ದು ಯಾವುದೆಂದು ಕೇಳುವ ಪ್ರಶ್ನೆಯೂ ಇತ್ತು. ಅಲ್ಲಿ ಮಾತ್ರ ಬಿನೆ ಎಡವಿದ ಎಂದೇ ನನ್ನ ಅಭಿಪ್ರಾಯ. ಚೆಂದದ ವಿಷಯದಲ್ಲಿ ಅಕ್ಕಪಕ್ಕದ ಎರಡು ಮನೆಯವರೇ ಒಪ್ಪುವುದಿಲ್ಲ.

ಮಗುವಿನ ಮಾನಸಿಕ ವಯಸ್ಸು ಎಂಬ ಮಾತು 1908ರಲ್ಲಿ ಬಂತು. ಬುದ್ಧಿ ಹುಟ್ಟಿನಿಂದ ಸಾಯುವವರೆಗೆ ಒಂದೇ ಅಳತೆಯಲ್ಲಿ ನಿಂತಿರುವುದಲ್ಲ, ಕಲಿಸಿದರೆ ಬೆಳೆಯುತ್ತದೆ ಎಂದು ಬಿನೆ ಜಗಳವಾಡುತ್ತಲೇ ಇದ್ದು 1911ರಲ್ಲಿ ತೀರಿಕೊಂಡ. ಮರುವರ್ಷವೇ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿದ. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಬಂದ ಭಾಗಲಬ್ಧವನ್ನು ನೂರರಿಂದ ಗುಣಿಸಿ ಜನರ ಕೈಗಿಟ್ಟ. ಅದೇ ಐಕ್ಯೂ. ದಶಾಂಶ ಬಿಂದು ಹೋಗಿದ್ದೇ ತಡ, ಅಂಗಿಯ ಅಳತೆಯಂತೆ ಪ್ರತಿಯೊಬ್ಬರಿಗೂ ಒಂದು ನಂಬರು ಅಂಟಿಕೊಂಡಿತು.

ಮೊದಲ ಮಹಾಯುದ್ಧದಲ್ಲಿ ಅಮೆರಿಕ ಹದಿನೇಳು ಲಕ್ಷದಷ್ಟು ಸೈನಿಕರನ್ನು ಈ ಬಗೆಯ ಪರೀಕ್ಷೆಗೆ ಕೂರಿಸಿತು. ಕ್ರಿಸ್ಕೊ ಎಂದರೆ ಔಷಧವೋ ಹಲ್ಲುಪುಡಿಯೋ ತಿನ್ನುವ ಪದಾರ್ಥವೋ ಎಂಬ ಧಾಟಿಯ ಪ್ರಶ್ನೆಗಳು. ಅದು ಅಲ್ಲಿನ ಅಂಗಡಿಯ ವನಸ್ಪತಿ. ನಮ್ಮ ಡಾಲ್ಡಾ ಇದ್ದ ಹಾಗೆ. ಇಟಲಿಯಿಂದ ನಿನ್ನೆ ಹಡಗಿಳಿದ ಹುಡುಗ ಕಣ್ಣು ಕಣ್ಣು ಬಿಟ್ಟು ಕೂತರೆ ಬುದ್ಧಿ ಕಡಿಮೆ ಎಂದು ಷರಾ. ಓದು ಬಾರದವರಿಗೆ ಚಿತ್ರಗಳು: ಟೆನಿಸ್ ಅಂಗಳದಲ್ಲಿ ಬಲೆ ಇಲ್ಲ, ಅದನ್ನು ಗುರುತಿಸಬೇಕು. ಓದು ಬಾರದವನು ಟೆನಿಸ್ ಮಾತ್ರ ಆಡಿರುತ್ತಾನೆಂದು ಆ ಪಂಡಿತರಿಗೆ ಯಾರು ಹೇಳಿದರೋ.

ಇಂಥದ್ದನ್ನು ಎತ್ತಿ ತಂದು ನಮ್ಮ ಮಕ್ಕಳ ಮುಂದೆ ಇಡಲಾಗದು ಎಂದು ಅರಿತವರು ವಿ. ವಿ. ಕಾಮತರು. ಬಿನೆಯ ಪರೀಕ್ಷೆಯನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿ, ಈ ಮಕ್ಕಳನ್ನೇ ಪರೀಕ್ಷಿಸಿ, ಯಾವ ವಯಸ್ಸಿಗೆ ಎಷ್ಟು ಬರಬೇಕೆಂದು ಹೊಸದಾಗಿ ಗೊತ್ತುಮಾಡಿ 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂದರೆ ಮಕ್ಕಳ ಮನಃಶಾಸ್ತ್ರಜ್ಞರು ಇವತ್ತಿಗೂ ಗುರುತು ಹಿಡಿಯುತ್ತಾರೆ. ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಗಿತ್ತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಬುದ್ಧಿಯ ಲೆಕ್ಕಾಚಾರದಲ್ಲಿ ಹೆಸರಾದ ಸ್ಪಿಯರ್‌ಮನ್ನನ ಬಳಿ ಲಂಡನ್ನಿನಲ್ಲಿ ಓದಿ ಬಂದವರು. ಆದರೆ ಊರು ನೆನೆಯುವುದು 1935ರಲ್ಲಿ ಮನೆಯಲ್ಲೇ ರೇಡಿಯೋ ಕೇಂದ್ರ ಹೂಡಿ ‘ಆಕಾಶವಾಣಿ’ ಶುರುಮಾಡಿದ್ದಕ್ಕೆ. ಮನಸ್ಸಿನೊಳಗೆ ಏನಿದೆಯೆಂದು ತಿಳಿಯುವುದಕ್ಕಿಂತ ಮನೆಯೊಳಗೆ ಸಂಗೀತ ಬರುವುದೇ ಜನಕ್ಕೆ ಹೆಚ್ಚು.

ಬುದ್ಧಿಯ ಮಾತು ಹೀಗಾದರೆ ಸ್ವಭಾವವನ್ನು ಅಳೆಯುವವರದು ಇನ್ನೊಂದು ಕಥೆ. ಶಾಲೆಯಲ್ಲಿ ‘ಮಸಿಕಲೆ’ ಎಂಬ ಅರ್ಥದ ಅಡ್ಡಹೆಸರಿದ್ದ ಸ್ವಿಸ್ ವೈದ್ಯ ರೋರ್‌ಶಾಕ್, 1921ರಲ್ಲಿ ಹತ್ತು ಮಸಿಕಲೆಗಳನ್ನೇ ಪರೀಕ್ಷೆ ಮಾಡಿ ಮರುವರ್ಷ 37ನೇ ವಯಸ್ಸಿನಲ್ಲಿ ತೀರಿಕೊಂಡ. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಫೋರರ್ ಎಂಬ ಅಮೆರಿಕದ ಮೇಷ್ಟರ ಕುಚೋದ್ಯ. 1948ರಲ್ಲಿ ವಿದ್ಯಾರ್ಥಿಗಳಿಗೆ ಸ್ವಭಾವ ಪರೀಕ್ಷೆ ಮಾಡಿ, ಒಬ್ಬೊಬ್ಬರಿಗೂ ಅವರವರ ಫಲಿತಾಂಶವೆಂದು ಒಂದೊಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ ಎಂದು ಕೇಳಿದರೆ ಐದಕ್ಕೆ ಸರಾಸರಿ 4.26 ಅಂಕ ಸಿಕ್ಕಿತು. ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ. ಅದರ ಬಹುಭಾಗ ಬೀದಿಯಂಗಡಿಯ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ನಮ್ಮ ದೊಡ್ಡಮ್ಮನಿಗೆ ಪತ್ರಿಕೆಯ ವಾರಭವಿಷ್ಯ ಓದಿ ಹೇಳುವಾಗ ರಾಶಿ ತಪ್ಪಿಸಿ ಓದಿದರೂ “ಸರಿಯಾಗೇ ಬರ್ದಿದಾನೆ ಕಣೋ” ಎನ್ನುತ್ತಿದ್ದರು.

1905 ಎಂದೆನಲ್ಲ, ಆ ವರ್ಷಕ್ಕೆ ಏನೋ ವಿಶೇಷವಿದೆ. ಚೀನಾ ಸುಮಾರು ಸಾವಿರದ ಮುನ್ನೂರು ವರ್ಷದ ತನ್ನ ಅಧಿಕಾರಿ ಪರೀಕ್ಷೆಯನ್ನು ರದ್ದುಮಾಡಿದ್ದೂ ಆಗಲೇ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಕಟ್ಟೊಂದನ್ನು ಬಿಚ್ಚಿ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದ್ದೂ ಆಗಲೇ. ಅದರಲ್ಲಿ ಅಮಾತ್ಯರ ಸ್ವಭಾವ ಪರೀಕ್ಷೆಗೆ ಒಂದು ಅಧ್ಯಾಯವೇ ಇದೆ. ಧರ್ಮ, ಅರ್ಥ, ಕಾಮ, ಭಯ ಎಂದು ನಾಲ್ಕು ಪರೀಕ್ಷೆ. ಗೂಢಚಾರರನ್ನು ಬಿಟ್ಟು ಆಸೆ ತೋರಿಸುವುದು, ಹೆದರಿಸುವುದು, ರಾಣಿಗೆ ನಿನ್ನ ಮೇಲೆ ಮನಸ್ಸಾಗಿದೆ ಎಂದು ಸನ್ಯಾಸಿನಿಯ ಬಾಯಲ್ಲಿ ಹೇಳಿಸುವುದು. ಹಣಕ್ಕೆ ಬಗ್ಗದವನು ಬೊಕ್ಕಸಕ್ಕೆ, ಹೆದರದವನು ರಾಜನ ಪಕ್ಕಕ್ಕೆ, ನಾಲ್ಕನ್ನೂ ಗೆದ್ದವನು ಮಂತ್ರಿ. ನಾಲ್ಕರಲ್ಲೂ ಸೋತವರನ್ನೂ ಕೌಟಿಲ್ಯ ಮನೆಗೆ ಕಳಿಸುವುದಿಲ್ಲ. ಗಣಿಗೋ ಕಾಡಿಗೋ ಆನೆಗಳ ಅಡವಿಗೋ ಹಾಕು ಎನ್ನುತ್ತಾನೆ. ಎಂಥ ಮುಂದಾಲೋಚನೆ ಎಂದು ಬಳ್ಳಾರಿ ಕಡೆಯ ಸ್ನೇಹಿತರೊಬ್ಬರಿಗೆ ಹೇಳಿದೆ. ಅವರು ಎಲೆಯಡಿಕೆ ಒಂದು ಬದಿಗೆ ತಳ್ಳಿ, “ಎಲ್ಲಾದ್ರಾಗೂ ಫೇಲಾದವ್ರನ್ನ ಗಣಿಗೆ ಹಾಕೋದು ಶಿಕ್ಷಾ ಅಂತ ಯಾರ್ ಹೇಳಿದ್ರೀ ನಿಮಗ?” ಅಂದರು.