ಗೋಡೆ ಕಟ್ಟುವ ಲೆಕ್ಕ

ಭಟ್ಕಳದ ಹತ್ತಿರದ ಮುಟ್ಟಳ್ಳಿಯಲ್ಲಿ ಏಳನೇ ತರಗತಿಯವರಿಗೆ ಗಣಿತದ ಟ್ಯೂಷನ್ ಹೇಳುವುದೆಂದರೆ ಪಾಟೀಸವಾಲಿಗೆ ಮೈಯೊಡ್ಡಿದ ಹಾಗೆ. ‘8 ಜನ ಒಂದು ಗೋಡೆಯನ್ನು 10 ದಿನದಲ್ಲಿ ಕಟ್ಟಿದರೆ 4 ಜನರಿಗೆ ಎಷ್ಟು ದಿನ ಬೇಕು?’ ಎಂದೆ. ಪೆನ್ಸಿಲ್ಲಿನ ತುದಿ ಕಚ್ಚುತ್ತಿದ್ದ ಹುಡುಗ, ‘ಮಳೆಗಾಲವಾ ಅಕ್ಕೋರೇ?’ ಎಂದ. ಪಕ್ಕದವಳಿಗೆ ಬೇರೆ ಚಿಂತೆ: ‘ಚಿರೆಕಲ್ಲಾ, ಸಿಮೆಂಟ್ ಬ್ಲಾಕಾ?’ ಹಿಂದಿನ ಸಾಲಿನಿಂದ ತೀರ್ಪೇ ಬಂತು: ‘ಸಂತೆ ದಿನ ಯಾರೂ ಕೆಲಸಕ್ಕೆ ಬರೂದಿಲ್ಲ.’ ನಾನು ಬೋರ್ಡಿನ ಮೇಲೆ 20 ಎಂದು ಬರೆಯುವಷ್ಟರಲ್ಲಿ ಗೋಡೆ ದೀಪಾವಳಿಯಾಚೆಗೆ ಹೋಗಿತ್ತು.

9ನೇ ಶತಮಾನದಲ್ಲಿ, ನೃಪತುಂಗನ ಕಾಲಕ್ಕೆ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರು ಪುಣ್ಯವಂತರು. ಅವರ ಶಿಷ್ಯರಲ್ಲಿ ಭಟ್ಕಳದ ಕಡೆಯವರು ಇದ್ದಿರಲಾರರು.

ಪಠ್ಯಪುಸ್ತಕ ಬರೆಯುವವರಲ್ಲಿ ಒಂದೇ ವಿನಂತಿ: ಗೋಡೆ ಕಟ್ಟಿಸುವುದಿದ್ದರೆ ದಯವಿಟ್ಟು ತಿಂಗಳನ್ನೂ ನಮೂದಿಸಿ.