ಸಾಲಿಮಠ

"ಮೇಷ್ಟ್ರೇ, ಕಾನ್ವೆಂಟ್ ಅಂದ್ರೆ ಏನ್ರಿ?"

ಸಂಜೆ ನಾಲ್ಕೂವರೆ. ಮೆಟ್ರಿಯ ನಮ್ಮ ಓಣಿಯಲ್ಲಿ ಆ ಹೊತ್ತಿಗೆ ಬೇಲಿಯಾಚೆ ಪಕ್ಕದ ಮನೆಯ ಅಕ್ಕ ಮೊರದಲ್ಲಿ ಜೋಳ ಕೇರುತ್ತಿರುತ್ತಾಳೆ. ಈಚೆ ನಾನು, ನುಗ್ಗೆ ಗಿಡಕ್ಕೆ ನೀರು ಬಿಡುವ ನೆಪದಲ್ಲಿ. ಇಬ್ಬರೂ ಕಾಯುವುದು ಕಂಪ್ಲಿ ಕಡೆಯಿಂದ ಬರುವ ಹಳದಿ ವ್ಯಾನಿಗೆ. ಅದರಲ್ಲಿ ಅಕ್ಕನ ಮೊಮ್ಮಗಳು ಇರುತ್ತಾಳೆ. ಯುಕೆಜಿ.

ಜನ್ಮವೆಲ್ಲ ಸರಕಾರಿ ಶಾಲೆಯಲ್ಲಿ ಕಾಗುಣಿತ ತಿದ್ದಿಸಿದ ನನಗೆ ಈ ಪ್ರಶ್ನೆ ಕೇಳಿ ಮೈ ಉರಿಯಬೇಕಿತ್ತು. ಯಾಕೋ ಉರಿಯಲಿಲ್ಲ.

"ಮಠ ಅಕ್ಕಾ. ಸನ್ಯಾಸ ತಗೊಂಡ ಹೆಣ್ಮಕ್ಕಳು ಇರೋ ಕ್ರೈಸ್ತರ ಮಠ."

"ಮಠದಾಗ ಟೈ ಕಟ್ತಾರೇನ್ರಿ?"

ನಮ್ಮ ಕಡೆ ಇಂಗ್ಲಿಷ್ ಮೀಡಿಯಂ ಎಂದರೆ ಸಾಕು, ಅದು ಕಾನ್ವೆಂಟು. ಬಸವಣ್ಣನ ಹೆಸರಿನ ಕಾನ್ವೆಂಟೂ ಉಂಟು, ಆಂಜನೇಯನ ಹೆಸರಿನದೂ ಉಂಟು. ಒಳಗೆ ಹುಡುಕಿದರೆ ಒಬ್ಬ ಸನ್ಯಾಸಿನಿಯೂ ಸಿಗುವುದಿಲ್ಲ. ಹಾಗಂತ ನಗುವಂತೆಯೂ ಇಲ್ಲ. ನಮ್ಮಲ್ಲೇ 'ಸಾಲಿಮಠ' ಅಂತ ಅಡ್ಡಹೆಸರು ಇಲ್ಲವೇ? ಮಠ ಇದ್ದಲ್ಲಿ ಸಾಲಿ, ಸಾಲಿ ಇದ್ದಲ್ಲಿ ಮಠ. ಕ್ರೈಸ್ತರಲ್ಲೂ ಅದೇ ಕತೆ, ಹೆಸರು ಬೇರೆ.

"ಹಂಗಾದ್ರೆ ಆ ಮದರ್ ತೆರೆಸಾ ಸಾಲಿ ಕಲಿಸ್ತಿದ್ಲಾ?" ಅಂದಳು ಅಕ್ಕ. ಫೋಟೋ ನೋಡಿದ್ದಾಳೆ, ನೀಲಿ ಅಂಚಿನ ಬಿಳಿ ಸೀರೆ.

"ಕಲಿಸ್ತಿದ್ಲು ಮತ್ತೆ! ಆ ಸೀರೆ ಉಡೋಕೆ ಮುಂಚೆ ಕಲಕತ್ತೆಯ ಸಾಲಿಯಾಗ ಭೂಗೋಳ ಹೇಳಿಕೊಡ್ತಿದ್ಲು. 1944ರಾಗ ಹೆಡ್‌ಮಿಸ್ಸೂ ಆಗಿದ್ಲು."

"ಆಯಮ್ಮನೂ ನಿಮ್ಮ ಜಾತಿನೇ ಅನ್ರಿ, ಮೇಷ್ಟ್ರ ಜಾತಿ."

ಇಷ್ಟು ಮರ್ಯಾದೆ ಸಿಕ್ಕ ಮೇಲೆ ಸುಮ್ಮನಿರುವುದು ಹೇಗೆ? ನೀರಿನ ಪೈಪು ಕೆಳಗಿಟ್ಟು, ನಮ್ಮ ರಾಜ್ಯಕ್ಕೇ ಸಂಬಂಧಪಟ್ಟ ಟೀಚರಮ್ಮನ ಕತೆ ತೆಗೆದೆ.

ಹೆಸರು ಸೋಫಿ ಲೀವ್ಸ್. ಹುಟ್ಟಿದ್ದು 1823ರಲ್ಲಿ, ಈಗಿನ ಇಸ್ತಾಂಬುಲ್ ನಗರದಲ್ಲಿ. ಅಪ್ಪ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಪಾದ್ರಿ. ಮಗಳು 1850ರಲ್ಲಿ ಕಥೋಲಿಕಳಾದಳು. ಪಾದ್ರಿಯ ಮಗಳು ಇನ್ನೊಂದು ಸಭೆಗೆ ಹೋಗುವುದೆಂದರೆ ನಮ್ಮಲ್ಲಿ ಸ್ವಾಮಿಗಳ ಮನೆಯವರು ಮಠ ಬದಲಿಸಿದ ಹಾಗೆ. ಮುಂದೆ ಸನ್ಯಾಸ ತಗೊಂಡು ವೆರೋನಿಕಾ ಆದಳು, 1862ರಲ್ಲಿ ಹಡಗು ಹತ್ತಿ ಕಲ್ಲಿಕೋಟೆಗೆ ಬಂದು ಹೆಣ್ಣುಮಕ್ಕಳಿಗೆ ಪಾಠ ಹೇಳಿದಳು.

ತೊಡಕು ಅಲ್ಲಿಂದ. ಆಕೆಯ ಮನಸ್ಸು ಕಾರ್ಮೆಲ್ ಮಠದ ಕಡೆ ಎಳೆಯುತ್ತಿತ್ತು. ಅಲ್ಲಿನ ಸನ್ಯಾಸಿನಿಯರು ಬಾಗಿಲು ಹಾಕಿಕೊಂಡು ಮೌನವಾಗಿ ಪ್ರಾರ್ಥನೆ ಮಾಡಿಕೊಂಡು ಇರುವವರು. ಕರಿಹಲಗೆ ಮುಂದೆ ನಿಂತವಳಿಗೆ ಮೌನ ಎಲ್ಲಿಂದ ಬರಬೇಕು? ನಲವತ್ತು ಮಕ್ಕಳಿರುವ ತರಗತಿಯಲ್ಲಿ ಮೌನ ಎಂದರೆ ಯಾರೋ ಏನೋ ಕಿತಾಪತಿ ಮಾಡುತ್ತಿದ್ದಾರೆ ಎಂದೇ ಅರ್ಥ. ಇದು ನನ್ನ ಅನುಭವ. ಆಕೆ ಎರಡನ್ನೂ ಬಿಡಲಿಲ್ಲ. ಒಳಗೆ ಕಾರ್ಮೆಲಿನ ಧ್ಯಾನ, ಹೊರಗೆ ಹೆಣ್ಣುಮಕ್ಕಳ ಶಾಲೆ, ಎರಡೂ ಇರುವ ಹೊಸ ಸಂಘವನ್ನೇ 1868ರಲ್ಲಿ ಫ್ರಾನ್ಸಿನ ಬಯೋನ್ ಊರಲ್ಲಿ ಕಟ್ಟಿದಳು: ಅಪೊಸ್ತಲಿಕ್ ಕಾರ್ಮೆಲ್. ಎರಡು ವರ್ಷಕ್ಕೆ, 1870ರ ನವೆಂಬರಿನಲ್ಲಿ, ಆಕೆ ತಯಾರು ಮಾಡಿದ ಸಿಸ್ಟರ್‌ಗಳು ಮಂಗಳೂರಿಗೆ ಬಂದಿಳಿದರು. ಸೇಂಟ್ ಆನ್ಸ್ ಶಾಲೆ ಶುರುವಾಯಿತು. ಆಗ ಮಂಗಳೂರು ಮದರಾಸು ಪ್ರಾಂತ್ಯದಲ್ಲಿತ್ತು. ನಮ್ಮ ಬಳ್ಳಾರಿಯೂ ಅದರಲ್ಲೇ.

"ಆಯಮ್ಮ ಮಂಗ್ಳೂರಾಗ ಎಷ್ಟ್ ವರ್ಷ ಇದ್ಲು?"

"ಬರಲೇ ಇಲ್ಲ ಅಕ್ಕಾ."

ಕೇರುವ ಸದ್ದು ನಿಂತಿತು. ಹೊಟ್ಟು ಗಾಳಿಗೆ ಹಾರಿ ಬೇಲಿಗೆ ಅಂಟಿತು.

ಬರಲೇ ಇಲ್ಲ. ವೆರೋನಿಕಾ ತನ್ನ ಜೊತೆ ಫ್ರಾನ್ಸಿನ ಪೋ ಊರಿನ ಕಾರ್ಮೆಲ್ ಮಠಕ್ಕೆ ಕರೆದೊಯ್ದಿದ್ದ ಮರಿಯಂ ಎಂಬ ಪ್ಯಾಲೆಸ್ತೀನಿನ ಹುಡುಗಿ 1870ರಲ್ಲೇ ಮಂಗಳೂರು ಕಂಡಳು, 2015ರಲ್ಲಿ ಸಂತಳೂ ಆದಳು. ಗುರುವಿಗೆ ಮಾತ್ರ ಆ ಊರಿನ ಯೋಗ ಕೂಡಿಬರಲಿಲ್ಲ. ಪೋ ಮಠಕ್ಕೇ ಮರಳಿ, 1906ರಲ್ಲಿ ಅಲ್ಲೇ ತೀರಿಕೊಂಡಳು. ಈಚೆ ಶಾಲೆ ತನ್ನ ಪಾಡಿಗೆ ಬೆಳೆಯಿತು. 1921ರಲ್ಲಿ ಮಂಗಳೂರಿನಲ್ಲಿ ಸೇಂಟ್ ಆಗ್ನೆಸ್ ಕಾಲೇಜು. 1948ರಲ್ಲಿ ಬೆಂಗಳೂರಿಗೆ ಬಂದ ಮೌಂಟ್ ಕಾರ್ಮೆಲ್ ಕಾಲೇಜೂ ಅದೇ ಸಂಘದ್ದು. ದೀಪಿಕಾ ಪಡುಕೋಣೆ ಪಿಯುಸಿ ಓದಿದ್ದು ಅಲ್ಲೇ ಎಂದೆ. ಅಕ್ಕನಿಗೆ ವೆರೋನಿಕಾಗಿಂತ ದೀಪಿಕಾ ಹತ್ತಿರದವಳು, ಗೋಣು ಆಡಿಸಿದಳು. ಪೋಪ್ ಫ್ರಾನ್ಸಿಸ್ 2014ರಲ್ಲಿ ವೆರೋನಿಕಾಗೆ 'ಪೂಜ್ಯೆ' ಎಂಬ ಗೌರವ ಕೊಟ್ಟರು ಎಂದೂ ಹೇಳಿದೆ. ಅದು ಅಕ್ಕನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಬಿತ್ತಿದಾಕಿ ಬೆಳಿ ನೋಡ್ಲಿಲ್ಲ ಅನ್ರಿ" ಎಂದಳು, ಮೊರದ ಕಡೆ ನೋಡುತ್ತ. ಸ್ವಲ್ಪ ತಡೆದು, "ನಿಮ್ ಹುಡುಗ್ರು ಯಾರಾದ್ರೂ ಬರ್ತಾರೇನ್ರಿ, ನೋಡಾಕೆ?"

"ಬರ್ತಾರೆ. ಮದುವೆ ಕಾರ್ಡ್ ಕೊಡೋಕೆ."

ಅಷ್ಟರಲ್ಲಿ ವ್ಯಾನು ಬಂತು. ಮೊಮ್ಮಗಳು ಇಳಿದಳು. ಎಲಾಸ್ಟಿಕ್ಕಿನ ಟೈ ಕಿವಿಯ ಪಕ್ಕಕ್ಕೆ ತಿರುಗಿತ್ತು, ಎಡಗಾಲಿನ ಬೂಟು ಬಲಗಾಲಲ್ಲಿ. ಡಬ್ಬಿ ತೆಗೆದು ನೋಡಿದರೆ ಬೆಳಗಿನ ಉಪ್ಪಿಟ್ಟು ಹಾಗೇ ಇದೆ, ಮೇಲಿನ ಶೇಂಗಾ ಅಷ್ಟೇ ಮಾಯ.

"ಏನವ್ವ, ನಿಮ್ ಕಾನ್ವೆಂಟಿನಾಗ ಸಿಸ್ಟರ್ ಅದಾರೇನು?"

"ಸಿಸ್ಟರ್ ದವಾಖಾನಿಯಾಗ ಇರ್ತಾರೆ ಅಜ್ಜಿ, ಸೂಜಿ ಮಾಡೋರು. ನಮ್ದು ಮಿಸ್ಸು."

ಅಕ್ಕ ನನ್ನ ಕಡೆ ನೋಡಿದಳು. ನಾನು ಪೈಪು ಎತ್ತಿಕೊಂಡೆ. ನುಗ್ಗೆ ಬುಡದಲ್ಲಿ ಆಗಲೇ ಮೊಣಕಾಲುದ್ದ ಕೆಸರು.