ನಾಲ್ಕು ಮುಕ್ಕಾಲು ಇಂಚು

ಉಂಡ ಮನೆಯ ಗಳ ಎಣಿಸಬಾರದು ಎಂದು ಹಿರಿಯರು ಹೇಳಿದ್ದಾರೆ. ಅಳೆಯಬಾರದು ಎಂದು ಹೇಳಿಲ್ಲ. ಈ ಸಂದಿಯಲ್ಲಿ ನುಸುಳಿಯೇ ಪುಣೆಯ ನನ್ನ ಭಾವ, ಮಜ್ಜಿಗೆ ಬಡಿಸುವ ಹೊತ್ತಿಗೆ ನನ್ನ ಎಲೆಯ ಪಕ್ಕ ಟೇಪು ತಂದಿಟ್ಟದ್ದು.

ಭಾವ ಉಡುಪಿ ಕಡೆಯವರು. ಪುಣೆಯಲ್ಲಿ ಹೋಟೆಲು ನಡೆಸಿ ತಲೆ ಹಣ್ಣಾದ ಮೇಲೆ ಭೂಗಾವ್ ಹತ್ತಿರ ತುಂಡು ಜಾಗ ಮಾಡಿ, 16 ಅಡಿ ಅಗಲದ ಕೋಣೆಯೊಂದಕ್ಕೆ ಗೋಡೆ ಎಬ್ಬಿಸಿದ್ದಾರೆ. ಮೇಲೆ ಹೆಂಚಿನ ಮಾಡೇ ಆಗಬೇಕು. ಆರ್‌ಸಿಸಿ ಹಾಕಿ ಎಂದವರ ಜೊತೆ ಮಾತು ಬಿಟ್ಟಿದ್ದಾರೆ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಸಾಹೇಬರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ಸುಡಿಸಿದ ಹೆಂಚು ಮರಾಠಿಗರ ಬಾಯಲ್ಲೂ 'ಮಂಗಲೋರಿ ಕೌಲ'. ಭಾವನಿಗೆ ಅದು ತನಗಿಂತ ಮೊದಲೇ ಘಟ್ಟ ಹತ್ತಿದ ನೆಂಟನ ಹಾಗೆ.

"ಪಕಾಸು ಎಷ್ಟುದ್ದ ಬೇಕು ಹೇಳಿ ಮಾರಾಯ್ರೆ. ನೀವು ಲೆಕ್ಕ ಕಲಿತವರಲ್ವಾ?"

ಲೆಕ್ಕ ಕಲಿತವನಿಗೆ ಇದಕ್ಕಿಂತ ಸುಖದ ಪ್ರಶ್ನೆ ಇನ್ನೊಂದಿಲ್ಲ. ಪಕಾಸು ಎಂದರೆ ನೆತ್ತಿಯಿಂದ ಗೋಡೆಗೆ ಇಳಿಯುವ ಓರೆ ಮರ. ಅಗಲದ ಅರ್ಧ 8 ಅಡಿ. ನೆತ್ತಿಯ ತೊಲೆ ಗೋಡೆಯಿಂದ 6 ಅಡಿ ಮೇಲೆ ಎಂದಿಟ್ಟುಕೊಂಡೆ. ಎಂಟೆಂಟ್ಲಿ 64, ಆರಾರ್ಲಿ 36, ಕೂಡಿದರೆ 100, ವರ್ಗಮೂಲ 10. ದಶಾಂಶದ ತಂಟೆಯಿಲ್ಲದ ಚೊಕ್ಕ ಹತ್ತಡಿ!

"ಆರು ಸಾಲದು, ಎಂಟು ಮಾಡಿ. ಮಳೆ ಬಂದ್ರೆ ನೀರು ಇಳಿಯೋದು ಬೇಡ್ವಾ?"

ಯಾವ ಮಳೆ? ಪುಣೆ ಪೇಟೆಯಲ್ಲಿ ವರ್ಷಕ್ಕೆ ಬೀಳುವುದು 70 ಚಿಲ್ಲರೆ ಸೆಂಟಿಮೀಟರು. ಉಡುಪಿಯಲ್ಲಿ 400ರ ಆಸುಪಾಸು. ಭಾವ ಮಾಡು ಕಟ್ಟುತ್ತಿದ್ದುದು ಎದುರಿಗಿರುವ ಮಳೆಗಲ್ಲ, ಬಿಟ್ಟು ಬಂದ ಮಳೆಗೆ. ಇಳಿಜಾರು 45 ಡಿಗ್ರಿ ಆದರೆ ಪಕಾಸು 11 ಅಡಿ ಮೂರು ಮುಕ್ಕಾಲು ಇಂಚಿಗೆ ಜಿಗಿಯುತ್ತದೆ ಎಂದೆ. ಅವರು ಮುಳಶಿಯ ಆಚೆಗೆ ಕೈ ತೋರಿದರು. ತಾಮ್ಹಿಣಿ ಘಾಟಿನಲ್ಲಿ ಆಗುಂಬೆಗೆ ಸೆಡ್ಡು ಹೊಡೆಯುವಂತೆ ಸುರಿಯುತ್ತದೆ, ನಿಜ. ಆದರೆ ಅದು ಇಲ್ಲಿಂದ ಎಷ್ಟು ದೂರ! "ದೂರ ಆದ್ರೇನು? ಮೋಡಕ್ಕೆ ಟೋಲ್ ಉಂಟಾ?"

ಪಕ್ಕದ ಜಾಗದ ಕಾಕಾ, ನಿವೃತ್ತ ಮೇಷ್ಟ್ರು, ಬೇಲಿಯಾಚೆಯಿಂದ ಭಾಸ್ಕರಾಚಾರ್ಯನ ಲೀಲಾವತಿಯನ್ನೇ ಎಳೆದು ತಂದರು. 32 ಮೊಳದ ಬಿದಿರು ಗಾಳಿಗೆ ಮುರಿದು, ತುದಿ ಬುಡದಿಂದ 16 ಮೊಳ ದೂರ ನೆಲ ಮುಟ್ಟಿತು. ಮುರಿದದ್ದೆಲ್ಲಿ? 12 ಮೊಳದಲ್ಲಿ. ಓರೆ ಬಿದ್ದ ತುಂಡು 20 ಮೊಳ. 12, 16, 20 ಎಂದರೆ ನನ್ನ ಆರು, ಎಂಟು, ಹತ್ತರ ಇಮ್ಮಡಿಯೇ. 1150ರಲ್ಲೇ ಭಾಸ್ಕರಾಚಾರ್ಯ ನನ್ನ ಕಡೆ ಸಾಕ್ಷಿ ಹೇಳಿದ್ದ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಭಾವ, "ಎಷ್ಟಾದ್ರೂ ನಮ್ಮ ವಿಜಾಪುರದವ" ಎಂದುಬಿಟ್ಟರು. ಕಾಕಾ ಬೇಲಿ ದಾಟಿ ಬಂದರು. ಚಾಳೀಸಗಾವ್ ಬಳಿಯ ಪಾಟಣದವನಂತೆ, ಮೊಮ್ಮಗನ ಕಾಲದ ಶಾಸನ ಈಗಲೂ ಅಲ್ಲಿದೆಯಂತೆ. ಇಬ್ಬರ ದನಿಯೂ ಏರಿತು. ಇನ್ನೆರಡು ಮಾತಿಗೆ ಬೆಳಗಾವಿ ಬರುತ್ತದೆ ಅನ್ನಿಸಿ ನಾನು ಚಹಾ ಕೇಳಿದೆ.

ಈ ಗದ್ದಲಕ್ಕೆಲ್ಲ ಕಿವಿಗೊಡದವರು ಬಡಗಿ, ಸುತಾರ್ ಕಾಕಾ. ಅವರು ನೆಲಕ್ಕೆ ಸುಣ್ಣದ ದಾರ ಬಡಿದು, ಎಂಟಡಿಗೊಂದು ಆರಡಿಗೊಂದು ಗೆರೆ ಎಬ್ಬಿಸಿ, ಗುಣ್ಯಾ ಇಟ್ಟು ಮೂಲೆ ನೋಡಿ, ಓರೆಗೆ ಟೇಪು ಹಿಡಿದರು. ಹತ್ತಡಿ. ಪೈಥಾಗೊರಸ್ ಬೇಡ, ಭಾಸ್ಕರನೂ ಬೇಡ. ಆಮೇಲೆ ಪುಸ್ತಕ ಕೇಳದ ಪ್ರಶ್ನೆ ಕೇಳಿದರು: ಸೂರು ಎಷ್ಟು ಚಾಚಬೇಕು? ನೆತ್ತಿಯ ತೊಲೆ ಎಷ್ಟು ದಪ್ಪ?

ಚಾಚು ಎರಡಡಿ ಎಂದರು ಭಾವ. ನೆಲದ ಮೇಲಿನ ಎರಡಡಿ ಓರೆಯಲ್ಲಿ ಎರಡೂವರೆ. ಅಲ್ಲಿಗೆ ಹನ್ನೆರಡೂವರೆ ಅಡಿ. ತೊಲೆ ಎರಡಿಂಚು ದಪ್ಪ, ಅದರ ಅರ್ಧ ಒಂದಿಂಚು, ಓರೆಯಲ್ಲಿ ಒಂದೂಕಾಲು. ಅದನ್ನು ಕಳೆಯಬೇಕು. ಉಳಿದದ್ದು 12 ಅಡಿ ನಾಲ್ಕು ಮುಕ್ಕಾಲು ಇಂಚು. ಗೋಡೆಪಟ್ಟಿಯ ಮೇಲೆ ಕೂರಲು ಹೊಟ್ಟೆಗೊಂದು ಕಚ್ಚು ಕೊರೆಯಬೇಕು, ಅದರಿಂದ ಉದ್ದವೇನೂ ಬದಲಾಗದು.

ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿಗೆ ಹೋದೆವು. ನಮಗೆ ಸಿಕ್ಕ ಅಂಗಡಿಯಲ್ಲಿ ಇದ್ದದ್ದು 12 ಅಡಿಯ ತುಂಡು, ಬಿಟ್ಟರೆ 14. ಭಾವ ಕೇಳಿದ ಎಂಟಡಿ ಎತ್ತರಕ್ಕಾದರೆ, ಸೂರೂ ಸೇರಿ, ಅದೂ ಸಾಲುವಂತಿರಲಿಲ್ಲ. ಘನ ಅಡಿಯ ದರ ಕಿವಿಗೆ ಬಿದ್ದದ್ದೇ ತಡ, ಉಡುಪಿಯ ಮಳೆ ನಿಂತಿತು. "ಆರೇ ಇರಲಿ ಭಾವ, ಇಲ್ಲಿ ಅಂಥ ಮಳೆ ಎಲ್ಲಿ ಬರ್ತದೆ?" ಎಂದರು, ಈ ಮಾತನ್ನು ಮೊದಲಿಂದ ಹೇಳುತ್ತಿದ್ದವರು ತಾವೇ ಎಂಬಂತೆ.

ಉಳಿದದ್ದು ನಾಲ್ಕು ಮುಕ್ಕಾಲು ಇಂಚು. ಅಷ್ಟಕ್ಕಾಗಿ ಪ್ರತಿ ಪಕಾಸಿಗೂ ಎರಡಡಿ ಮರ ದಂಡವೇ? ಸುತಾರ್ ಕಾಕಾ ಸೂರಿನ ಚಾಚನ್ನು 20 ಇಂಚಿಗೆ ಇಳಿಸಿ 12 ಅಡಿಯಲ್ಲೇ ಮುಗಿಸಿದರು.

ಲಾರಿಗೆ ಮರ ಏರುವಾಗ ಭಾವನಿಗೆ ಹೊಸ ಯೋಚನೆ ಬಂತು. ಎರಡು ಕಡೆ ಮಾತ್ರ ಯಾಕೆ, ನಾಲ್ಕೂ ಕಡೆ ಇಳಿಜಾರು ಕೊಟ್ಟರೆ? ಆಗ ಮೂಲೆಯ ಪಕಾಸಿಗೆ ಎಂಟರ ವರ್ಗ ಎರಡು ಸಲ, ಆರರದು ಒಂದು ಸಲ, ಒಟ್ಟು 164. ನಾನು ಖುಷಿಯಿಂದ ಬಿಲ್ಲಿನ ಹಿಂಬದಿಯಲ್ಲಿ ವರ್ಗಮೂಲ ತೆಗೆಯತೊಡಗಿದೆ. ಸುತಾರ್ ಕಾಕಾ ಬಿಲ್ಲನ್ನು ಮೆಲ್ಲಗೆ ಕಿತ್ತು ಭಾವನ ಕೈಗೆ ಕೊಟ್ಟು, "ಮೂಲ ಆಮೇಲೆ ತೆಗೆಯಲಿ ಶೇಟ್, ನೀವು ಮೊದಲು ಅಡ್ವಾನ್ಸ್ ತೆಗೆಯಿರಿ" ಎಂದರು.